ಪಾಪೆಯ ಅಳತೆ

ಕೆಂಪು ರೇಷ್ಮೆ ದಾರದ ಎಳೆಯೊಂದನ್ನು ಉಗುರಿನಿಂದ ಸೀಳಿ ಎರಡು ಮಾಡಿ, ಆ ಎರಡರಲ್ಲೊಂದನ್ನು ಮತ್ತೆ ಸೀಳಬೇಕು. ದಿನವೂ ಮಾಡುವ ಕೆಲಸ. ಇವತ್ತು ಮಾತ್ರ ಅವಳ ಕೈ ಅವಳ ಮಾತು ಕೇಳುತ್ತಿರಲಿಲ್ಲ. ಎಳೆ ನಡುವೆ ತುಂಡಾಗುತ್ತಿತ್ತು, ಇಲ್ಲವೇ ಬೆರಳಿಗೆ ಅಂಟಿಕೊಂಡು ಎಲ್ಲಿ ಹೋಯಿತೆಂದೇ ತಿಳಿಯುತ್ತಿರಲಿಲ್ಲ. ಈ ಎಳೆ ಕೃತಕ ಕಣ್ಣಿನ ಬಿಳಿಯ ಮೇಲೆ ನರವಾಗಿ ಕೂರಬೇಕು. ದಪ್ಪವಾದರೆ ಅತ್ತು ಎದ್ದವರ ಕಣ್ಣು, ಇಲ್ಲದೇ ಹೋದರೆ ಗೊಂಬೆಯ ಕಣ್ಣು. ಕಿಟಕಿಯ ಹತ್ತಿರ ಸೋದರಮಾವ ತಿರುಗುವ ಚಕ್ರಕ್ಕೆ ಯಾರದೋ ಕಣ್ಣೊಂದನ್ನು ಒತ್ತಿ ಹೊಳಪು ಕೊಡುತ್ತಿದ್ದ. ಇತ್ತ ನೋಡುತ್ತಿರಲಿಲ್ಲ. ನೋಡದೆ ಇರುವುದೇ ಅವಳಿಗೆ ದಿಟ್ಟಿಸಿ ನೋಡಿದಂತೆ ಆಗುತ್ತಿತ್ತು. ನಿನ್ನೆ ಸಂಜೆ ಫೋನ್ ಇಟ್ಟವನೇ, "ಗುಬ್ಬೀ, ಸಲೂನಿನವರು ನಾಳೆ ಬರ್ತಾರಂತೆ. ಕಣ್ಣು ಯಾಕೋ ಸರಿ ಕಾಣ್ತಿಲ್ವಂತೆ," ಅಂದಿದ್ದ. ಅಷ್ಟೇ. ಬೈದಿದ್ದರೆ ಒಂದು ಅಳುವಿಗೆ ಮುಗಿದುಹೋಗುತ್ತಿತ್ತು. ಅವನು ಬೈಯದೆ ಊಟಕ್ಕೆ ಕೂತು, ಪಕ್ಕದ ಬೀದಿಯ ಚರಂಡಿ ವಿಷಯ ಮಾತಾಡಿದ.

ಆ ಕಣ್ಣು ಮೊದಲಿಂದ ಕೊನೆಯವರೆಗೆ ಅವಳೊಬ್ಬಳೇ ಬರೆದ ಮೊದಲ ಕಣ್ಣು. ಮಾವನ ಬೆರಳುಗಳು ಈಚೆಗೆ ನಡುಗುತ್ತವೆ. ಅಚ್ಚು ತೆಗೆಯುವುದಕ್ಕೆ, ಉಜ್ಜುವುದಕ್ಕೆ ಅಡ್ಡಿಯಿಲ್ಲ. ಸಣ್ಣ ಕುಂಚ ಹಿಡಿದರೆ ಅದರ ತುದಿ ಮಳೆಯಲ್ಲಿ ನೆನೆದ ಕೋಳಿಯ ಹಾಗೆ ಅದುರುತ್ತದೆ. "ಇದೊಂದನ್ನ ನೀನೇ ಬರಿ. ಸರಿಹೋಯ್ತೋ, ಬಣ್ಣದ ಕೆಲಸ ಇನ್ನು ನಿಂದೇ. ಹೋಗಲಿಲ್ವೋ, ಹೊರಗಿಂದ ಯಾರನ್ನಾದರೂ ಕರೆಸ್ಬೇಕಾಗುತ್ತೆ, ನೀನು ಉಜ್ಜೋಕೆ ಇರು. ಬೇಜಾರಿಲ್ಲ ತಾನೆ?" ಅಂದಿದ್ದ. ಇಲ್ಲವೆಂದು ತಲೆ ಆಡಿಸಿದ್ದಳು. ತಲೆ ಆಡಿಸುವುದೇ ಅವಳ ಅರ್ಧ ಮಾತು. ಉಜ್ಜುವುದು ಬೇಸರವಲ್ಲ, ನಿಜ. ಆದರೆ ಬಣ್ಣದ ತಟ್ಟೆಯ ಮುಂದೆ ಕೂತಾಗ ಮಾತ್ರ ತಾನು ಒಂದು ಜಾಗದಲ್ಲಿ ಪೂರ್ತಿಯಾಗಿ ಇದ್ದೇನೆ ಎನ್ನಿಸುತ್ತಿತ್ತು. ಕಂದು ಎಂದು ಜನ ಒಂದೇ ಮಾತಿನಲ್ಲಿ ಮುಗಿಸುವ ಬಣ್ಣದೊಳಗೆ ಒಣಗಿದ ಎಲೆ ಇರುತ್ತದೆ, ಹಳೇ ಬಾಗಿಲು ಇರುತ್ತದೆ, ಲೋಟದ ತಳದಲ್ಲಿ ಉಳಿದ ಚಹಾ ಇರುತ್ತದೆ, ಅಂಚಿಗೆ ಯಾರೂ ಊಹಿಸದ ಒಂದು ಬೂದಿಯ ಗೆರೆ ಇರುತ್ತದೆ. ಅದನ್ನೆಲ್ಲ ಬೆರಳುಗುರಿನಷ್ಟು ಬಿಲ್ಲೆಯ ಮೇಲೆ ಒಂದರ ಮೇಲೊಂದು ಕೂರಿಸುವಾಗ ಯಾರೂ ಅವಳನ್ನು ನೋಡುತ್ತಿರುವುದಿಲ್ಲ, ಅವಳೇ ನೋಡುತ್ತಿರುತ್ತಾಳೆ. ಹೊರಗಿನಿಂದ ಬರುವವನು ಈ ಕುರ್ಚಿಯಲ್ಲಿ ಕೂರುತ್ತಾನೆ. ಅವನಿಗೆ ಮೀಸೆ ಇರುತ್ತದೆ ಎಂದು ಅವಳು ಆಗಲೇ ತೀರ್ಮಾನಿಸಿಬಿಟ್ಟಿದ್ದಳು. ಅವಳು ಎಳೆ ಸೀಳಿ ಕೊಡಬೇಕು, ಅವನು ಸಾಲದು ಎನ್ನಬೇಕು.

ಶಾಲೆ ಬಿಟ್ಟದ್ದೂ ನೋಟದ ದೆಸೆಯಿಂದಲೇ. ಎದ್ದು ನಿಂತು ಓದು ಎಂದರೆ ಸಾಕು, ಕತ್ತಿನಿಂದ ಶುರುವಾದ ಕೆಂಪು ಕೇಳದೆ ಹೇಳದೆ ಕಿವಿಯವರೆಗೆ ಏರಿಬಿಡುತ್ತಿತ್ತು. ಹಿಂದಿನ ಬೆಂಚಿನಲ್ಲಿ "ಹತ್ತಿಕೊಳ್ತು, ಹತ್ತಿಕೊಳ್ತು" ಎಂದು ಪಿಸುಗುಟ್ಟುತ್ತಿದ್ದರು. ಪುಸ್ತಕದ ಸಾಲುಗಳು ಕಣ್ಣೆದುರು ಇದ್ದರೂ ನಾಲಿಗೆಗೆ ಬರುತ್ತಿರಲಿಲ್ಲ. ಕೊನೆಗೆ ಅಮ್ಮ, "ಸಾಕು ಬಿಡು, ನನ್ನ ತಮ್ಮನ ಹತ್ತಿರ ಕೈಕೆಲಸ ಕಲೀಲಿ," ಅಂದಳು. ಮನೆಯಲ್ಲಿ ಉಳಿದ ಆ ಮಧ್ಯಾಹ್ನಗಳಲ್ಲಿ ಕಿಟಕಿಯ ಕೆಳಗೆ ಕನ್ನಡಿ ಹಿಡಿದು ಕೂತು ಅವಳು ತನ್ನ ಪಾಪೆಗಳ ಆಟ ಕಂಡುಕೊಂಡದ್ದು. ಬೆಳಕಿಗೆ ತಿರುಗಿದರೆ ಚಕ್ಕನೆ ಕುಗ್ಗುತ್ತವೆ, ಮುಟ್ಟಿದರೆ ಮುದುಡುವ ಎಲೆಯ ಹಾಗೆ. ನೆರಳಿಗೆ ತಿರುಗಿದರೆ ಹಿಗ್ಗುತ್ತವೆ, ಆದರೆ ಅಷ್ಟು ಬೇಗ ಅಲ್ಲ. ಹೊಸಬರ ಮನೆಗೆ ಬಂದವರಂತೆ ಹಿಂದೆ ಮುಂದೆ ನೋಡಿಕೊಂಡು. ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿದರೆ ಮುಚ್ಚದ ಇನ್ನೊಂದೂ ಸ್ವಲ್ಪ ಅರಳುತ್ತಿತ್ತು. ಅದಕ್ಕೇನೂ ಕತ್ತಲಾಗಿರಲಿಲ್ಲ, ಅಕ್ಕನಿಗೆ ಹೊಡೆದರೆ ತಂಗಿ ಅಳುವ ಹಾಗೆ. ಅಮ್ಮನಿಗೆ ತೋರಿಸಿದಾಗ, "ಕನ್ನಡಿ ನೋಡಿ ನೋಡಿ ಕಣ್ಣು ಹೋಗುತ್ತೆ," ಅಂದಳು. ಎಷ್ಟು ಹಟ ಹಿಡಿದರೂ ಪಾಪೆಯನ್ನು ಬೇಕೆಂದು ಹಿಗ್ಗಿಸಲು ಆಗಲಿಲ್ಲ, ಬೇಡವೆಂದು ತಡೆಯಲೂ ಆಗಲಿಲ್ಲ. ಆಗ ಅವಳಿಗೆ ದೊಡ್ಡ ಸಮಾಧಾನವಾಗಿತ್ತು. ತನ್ನ ಕೆನ್ನೆಯಂತೆ ಪ್ರತಿಯೊಬ್ಬರಲ್ಲೂ ಮಾತು ಕೇಳದ ಒಂದು ಜಾಗ ಇದೆ. ಹಿಂದಿನ ಬೆಂಚಿನವರಿಗೂ ಇದೆ. ಅವರಿಗೆ ಗೊತ್ತಿಲ್ಲ, ಅಷ್ಟೇ.

ಅದಕ್ಕೇ ಮಾವನ ಅಂಗಡಿಯಲ್ಲಿ ಅವಳಿಗೆ ಜನ ಕಷ್ಟವಾಗಲಿಲ್ಲ. ಬೀದಿಯಲ್ಲಿ ಯಾರ ಮುಖವನ್ನೂ ಎತ್ತಿ ನೋಡದವಳು ಇಲ್ಲಿ ಗೇಣಿನ ದೂರದಲ್ಲಿ ಅಪರಿಚಿತರ ಉಳಿದ ಒಂದು ಕಣ್ಣಿನೊಳಗೆ ಇಳಿದು ಕೂರುತ್ತಿದ್ದಳು. ಮೊದಮೊದಲು ಅವರೇ ನಾಚಿ ದೃಷ್ಟಿ ತಪ್ಪಿಸುತ್ತಿದ್ದರು. ಮಾವ ಕಲಿಸಿದ ಕಟ್ಟಳೆ ಒಂದೇ. ಬದುಕಿದ ಕಣ್ಣಿನ ಪಾಪೆ ಗಳಿಗೆಗೊಂದು ಅಳತೆ. ನಾವು ಬರೆಯುವುದಕ್ಕೆ ಒಂದೇ ಅಳತೆ. "ಮೋಡ ಕವಿದ ಮಧ್ಯಾಹ್ನದ ಬೆಳಕಿಗೆ ಬರೀಬೇಕು. ಆಗ ಬಿಸಿಲಲ್ಲೂ ಸ್ವಲ್ಪ ಸುಳ್ಳು, ದೀಪದಲ್ಲೂ ಸ್ವಲ್ಪ ಸುಳ್ಳು. ಯಾರಿಗೂ ಪೂರ್ತಿ ಮೋಸ ಇಲ್ಲ." ಈ ಮಾತನ್ನು ಅವನು ಎಷ್ಟು ಸಲ ಹೇಳಿದ್ದನೆಂದರೆ ಅದು ಅವಳಿಗೆ ಕೇಳಿಸುವುದೇ ನಿಂತುಹೋಗಿತ್ತು. ಸಲೂನಿನವನು ಅಳತೆಗೆ ಬಂದ ದಿನ ಮಾವ ಅಂಗಡಿಯಲ್ಲಿ ಇರಲಿಲ್ಲ. ಹಲ್ಲು ಕಟ್ಟುವವರು ಬಳಸುವ ಪುಡಿ ತರಲು ಹೋಗಿದ್ದ. ಅದೇ ಪುಡಿಯಲ್ಲಿ ಇವರು ಕಣ್ಣು ಕಟ್ಟುತ್ತಾರೆ. ಬಾಗಿಲಿಗೆ ಎದುರಾಗಿ ಹಾಕಿದ ಕುರ್ಚಿಯಲ್ಲಿ ಸಲೂನಿನವನು ಕೂತಿದ್ದ, ಬಾಯಿ ಸುಮ್ಮನಿರದೆ. "ಜನರ ತಲೆ ಬಗ್ಗಿಸಿ ಬಗ್ಗಿಸಿ ಅನ್ನ ತಿಂದೋನು ನಾನು. ಇವತ್ತು ನೀನು ನನ್ನ ಗಲ್ಲ ಹಿಡಿದು ತಿರುಗಿಸ್ತಿದ್ದೀಯ ನೋಡಮ್ಮ. ಆ ಹಾಳು ಕುರ್ಚಿ ಸ್ಪ್ರಿಂಗು! ಇಷ್ಟು ವರ್ಷ ಎಣ್ಣೆ ಹಾಕಿ ಸಾಕಿದ್ದಕ್ಕೆ ನನ್ನ ಕಣ್ಣೇ ತಿಂತು." ಅವನ ಉಳಿದ ಕಣ್ಣಿನ ಪಾಪೆ ಎಳ್ಳಿನಷ್ಟಿತ್ತು. ಕರಿಚುಕ್ಕಿಗಳ ಪಟ್ಟಿಯನ್ನು ಅದರ ಪಕ್ಕ ಹಿಡಿದು ಯಾವ ಚುಕ್ಕಿಗೆ ಸರಿಹೋಗುತ್ತದೆಂದು ನೋಡುತ್ತಿದ್ದಳು. ಆಗ ಬಾಗಿಲಿಂದ ಅವನ ಹೆಂಡತಿಯ ದನಿ ಬಂತು. "ಮುಗೀತಾ ರೀ?" ಪಾಪೆ ಅರಳಿತು. ನಿಧಾನವಾಗಿ, ತುಂಬಿಕೊಂಡು, ಎಳ್ಳು ಮೆಣಸಾಗಿ ಅವಳ ಕಣ್ಣೆದುರೇ ಅರಳಿತು. ಇಷ್ಟು ಹತ್ತಿರದಿಂದ ಒಬ್ಬರ ಸಂತೋಷವನ್ನು ಅವಳು ಎಂದೂ ಕಂಡಿರಲಿಲ್ಲ. ಇವನು ಬಾಯಲ್ಲಿ, "ಅಯ್ಯೋ ಬಂದ್ಲಪ್ಪ ಯಮಧರ್ಮನ ತಂಗಿ," ಎನ್ನುತ್ತಿದ್ದ. ಕಣ್ಣು ಬೇರೆಯದೇ ಹೇಳುತ್ತಿತ್ತು. ಮಾವ ಹೇಳಿದ ಮೋಡದ ಮಧ್ಯಾಹ್ನ ಯಾರಿಗೆ ಬೇಕು? ಮೆಣಸಿನ ಅಳತೆಯ ಚುಕ್ಕಿಗೇ ಗುರುತು ಹಾಕಿಕೊಂಡಳು.

ಈಗ ಎಳೆಯನ್ನು ಕೆಳಗಿಟ್ಟು, ಅದನ್ನು ತಪ್ಪೆನ್ನಬೇಕೋ ಬೇಡವೋ ಎಂದು ತನ್ನೊಳಗೇ ವಾದ ಮಾಡುತ್ತಿದ್ದಳು. ಗೊತ್ತಿದ್ದೇ ಬರೆದದ್ದು ತಪ್ಪು ಹೇಗಾಗುತ್ತದೆ? ಗೊತ್ತಿದ್ದೇ ಬರೆದದ್ದರಿಂದಲೇ ಅದು ದೊಡ್ಡ ತಪ್ಪು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಬೀದಿಯಲ್ಲಿ ಯಾರ ಹೆಜ್ಜೆ ಸದ್ದಾದರೂ ತಲೆ ಎತ್ತುತ್ತಿದ್ದಳು.

"ಕಣ್ಣು ಕೊಟ್ಟ ತಾಯಿ ಎಲ್ಲಿ?" ಎನ್ನುತ್ತಲೇ ಸಲೂನಿನವನು ಒಳಗೆ ಬಂದ. ಹೆಂಡತಿ ಹೊರಗೆ ಮೆಟ್ಟಿಲ ಹತ್ತಿರ ಫೋನಿನಲ್ಲಿ ಯಾರಿಗೋ ಜೋರಾಗಿ ಬುದ್ಧಿ ಹೇಳುತ್ತಿದ್ದಳು. ಮಾವ ಚಕ್ರ ನಿಲ್ಲಿಸಿ, ಕೈ ಒರೆಸಿಕೊಂಡು, "ಕೂತ್ಕೊಳ್ಳಿ. ಏನಾಯ್ತು ಹೇಳಿ," ಅಂದ.

"ಏನೂ ಆಗಿಲ್ಲ ಸ್ವಾಮಿ. ಕಣ್ಣು ಚೆನ್ನಾಗಿದೆ. ನನ್ನ ಸ್ವಂತದ್ದಕ್ಕಿಂತ ಚೆನ್ನಾಗಿದೆ, ಅದೇ ತೊಂದರೆ. ಕನ್ನಡಿ ಮುಂದೆ ಗಿರಾಕಿ ಕೂತಿರ್ತಾನಲ್ಲ, ಅವನಿಗೇನು ಕೆಲಸ, ನನ್ನ ಮುಖಾನೇ ನೋಡ್ತಿರ್ತಾನೆ. ಮೊನ್ನೆ ಒಬ್ಬ ಕೇಳ್ತಾನೆ, 'ಏನಯ್ಯಾ, ಆ ಕಣ್ಣು ನನ್ನ ತಲೆ ನೋಡ್ತಿದೆ, ಈ ಕಣ್ಣು ಯಾರನ್ನ ನೋಡಿ ಮರುಳಾಗಿದೆ?' ಅಂತ. ಕತ್ತಿ ಗಂಟಲ ಮೇಲಿರುವಾಗ ಗಿರಾಕಿಗೆ ಅನುಮಾನ ಬಂದ್ರೆ ನನ್ನ ಗತಿ ಏನು?"

ಮಾವ ಭೂತಗನ್ನಡಿ ಹಿಡಿದು ಬಗ್ಗಿದ. "ಹೌದು. ಒಂದು ಎಳ್ಳು, ಒಂದು ಮೆಣಸು," ಅಂದ. ಆಮೇಲೆ, ನಿನ್ನೆಯಿಂದ ಮೊದಲ ಸಲ, ಅವಳ ಕಡೆ ತಿರುಗಿದ. "ಯಾಕಮ್ಮಾ ಇಷ್ಟು ದೊಡ್ಡದು ಬರೆದೆ? ಅಳತೆ ತಪ್ತಾ?"

ಆ ಪ್ರಶ್ನೆಯಲ್ಲಿ ತಪ್ಪಿಸಿಕೊಳ್ಳುವ ಒಂದು ಉಪಾಯವಿತ್ತು. ಮಾವ ಬೇಕೆಂದೇ ಆ ಬಾಗಿಲನ್ನು ತೆರೆದಿಟ್ಟಿದ್ದ. ತಲೆ ಆಡಿಸಿದರೆ ಸಾಕು. ಅಳತೆ ತಪ್ಪಿತು, ಹುಡುಗಿ ಹೊಸಬಳು, ಹೋಗಲಿ. ಅವಳ ತಲೆ ಅಭ್ಯಾಸಬಲದಿಂದ ಆಡಲು ಹೊರಟೂ ಆಗಿತ್ತು. ಆದರೆ ಅಳತೆ ತಪ್ಪಿರಲಿಲ್ಲ. ಅವಳಿಗೆ ಬೇರೆ ಏನೂ ಇರಲಿಲ್ಲ. ಓದಿಲ್ಲ, ಮಾತಿಲ್ಲ, ನಾಲ್ಕು ಜನರ ಮುಂದೆ ನಿಲ್ಲುವ ಮುಖವಿಲ್ಲ. ಇದ್ದದ್ದು ಕಂಡದ್ದನ್ನು ಕಂಡಷ್ಟೇ ಬರೆಯುವ ಕೈಯೊಂದು. ಅದನ್ನೂ ಸುಳ್ಳೆಂದು ಒಪ್ಪಿಕೊಂಡರೆ ಉಳಿಯುವುದೇನು? "ಅಳತೆ ತಪ್ಪಿಲ್ಲ ಮಾವ," ಅಂದಳು. ದನಿ ಅಂದುಕೊಂಡದ್ದಕ್ಕಿಂತ ದೊಡ್ಡದಾಗಿ ಬಂತು. ಕತ್ತಿನಲ್ಲಿ ಕೆಂಪು ಹೊರಟಿತು, ಹೊರಡಲಿ. "ಇವರ ಮನೆಯವರು ಬಂದ್ರು. ಬಂದ ತಕ್ಷಣ ಪಾಪೆ ಅಷ್ಟಾಯ್ತು. ನಾನು ನೋಡಿದೆ. ಅದನ್ನೇ ಬರೆದೆ."

ಕತ್ತರಿಯ ಹಾಗೆ ಸದಾ ಆಡುವ ಸಲೂನಿನವನ ಬಾಯಿ ತೆರೆದು, ಏನೂ ಕತ್ತರಿಸದೆ ಮುಚ್ಚಿಕೊಂಡಿತು. ಅವನು ಬಿಸಿಯೇರಿದ ತನ್ನ ಕಿವಿ ಮುಟ್ಟಿ ನೋಡಿಕೊಂಡ. ಹೊರಗೆ ಫೋನಿನ ಬುದ್ಧಿಮಾತು ಯಾವಾಗ ನಿಂತಿತ್ತೋ, ಹೆಂಡತಿ ಬಾಗಿಲಿಗೆ ಬಂದು ನಿಂತಳು. "ಏನ್ರೀ, ಎಲ್ಲಾ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ದೀರ?"

ಎಳ್ಳು ಅರಳತೊಡಗಿತು. "ನೋಡಿ ಮಾವ, ನೋಡಿ," ಎಂದು ಅವಳು ಕೂಗಿಯೇಬಿಟ್ಟಳು, ತನ್ನ ದನಿ ತನ್ನದೇ ಎಂಬ ಗುರುತಿಲ್ಲದೆ. ಮಾವ ನೋಡಿದ. ಪಾಪೆಯನ್ನು ನೋಡಿದ, ಬಾಗಿಲನ್ನು ನೋಡಿದ, ಆಮೇಲೆ ನೆಲವನ್ನು ನೋಡಿದ. ನೆಲದ ಮೇಲೆ ಈವರೆಗೆ ಚಾಪೆಯಷ್ಟಗಲ ಬಿದ್ದಿದ್ದ ಬಿಸಿಲು ಇರಲಿಲ್ಲ. ಬಾಗಿಲು ಕಿರಿದು, ಹೆಂಡತಿ ಅಗಲ. "ಅಮ್ಮಾ, ಸ್ವಲ್ಪ ಒಳಗೆ ಬನ್ನಿ," ಅಂದ. ಹೆಂಡತಿ ಬಂದಳು. ಬಿಸಿಲು ಮತ್ತೆ ಬಿತ್ತು. ಪಾಪೆ ಚಕ್ಕನೆ ಎಳ್ಳಾಯಿತು. "ಇನ್ನೊಂದು ಸಲ ಬಾಗಿಲಿಗೆ ಹೋಗ್ತೀರಾ?" ಹೋದಳು. ಅರಳಿತು.

ಹುಡುಗಿಗೆ ಅಷ್ಟರಲ್ಲೇ ಎಲ್ಲ ಗೊತ್ತಾಗಿಹೋಗಿತ್ತು. ಆ ದಿನ ಅವಳು ಕಣ್ಣಲ್ಲಿ ಕಣ್ಣಿಟ್ಟು ಕೂತಿದ್ದಳು, ಬೆನ್ನ ಹಿಂದಿನ ಬಾಗಿಲನ್ನು ನೋಡಿರಲೇ ಇಲ್ಲ. ನೋಡಿದ್ದರೂ ನಂಬುತ್ತಿರಲಿಲ್ಲ. ಕನ್ನಡಿ ಹಿಡಿದು ಕೂತ ಅಷ್ಟೂ ಮಧ್ಯಾಹ್ನಗಳಲ್ಲಿ ಪಾಪೆ ಅವಳಿಗೆ ಕಲಿಸಿದ್ದು ನೆರಳಿನ ಪಾಠವನ್ನೇ. ಅವಳೇ ಅದಕ್ಕೆ ಬೇರೆ ಅರ್ಥ ಹಚ್ಚಿಕೊಂಡು, ಜನರ ಒಳಗು ತನಗೆ ಕಾಣುತ್ತದೆಂದು ಗುಟ್ಟಾಗಿ ಬೀಗಿದ್ದಳು. ಸಾಲದ್ದಕ್ಕೆ, ಹೆಂಡತಿ ಒಳಗೆ ಬಂದು ಸ್ಟೂಲಿನ ಮೇಲೆ ಕೂತದ್ದೇ ತಡ, "ಪಾರ್ಸಲ್!" ಎಂದು ಕೂಗುತ್ತ ಕೊರಿಯರಿನವನೊಬ್ಬ ದೊಡ್ಡ ರಟ್ಟಿನ ಡಬ್ಬ ಎತ್ತಿಕೊಂಡು ಬಾಗಿಲ ತುಂಬ ನಿಂತ. ಸಲೂನಿನವನ ಪಾಪೆ ಹಿಂದೆಂದಿಗಿಂತ ದೊಡ್ಡದಾಗಿ, ಮೆಣಸನ್ನೂ ಮೀರಿ ಅರಳಿತು.

ಮಾವನಿಗೆ ತಡೆಯಲಾಗಲಿಲ್ಲ. "ಇವರ ಮೇಲೂ ನಿಮಗೆ ಅಷ್ಟೇ ಪ್ರೀತಿ ಅನ್ನಿ!"

"ಯಾರು ಸ್ವಾಮಿ ಅದು? ನಾನು ಹಿಂದೆ ಮುಂದೆ ನೋಡಿದೋನೇ ಅಲ್ಲ!"

"ಸೈನ್ ಮಾಡಿ ಸಾರ್," ಅಂದ ಕೊರಿಯರಿನವನು, ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿ.

"ನನಗಿಂತ ಒಂದು ಕೈ ಜಾಸ್ತಿನೇ ಇದೆಯಲ್ಲಪ್ಪಾ ನಿನ್ನ ಮೇಲೆ," ಎಂದು ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಕೇಳಿದ್ರೇನ್ರೀ, ಅದು ಪ್ರೀತಿಯಲ್ಲವಂತೆ, ನೆರಳಂತೆ. ನಾನು ಬಾಗಿಲಿಗೆ ಬಂದ್ರೆ ಗ್ರಹಣ ಅಂತ ನೀವೇ ಹೇಳ್ತಿದ್ರಲ್ಲ, ಈಗ ನಿಮ್ಮ ಕಣ್ಣೇ ಸಾಕ್ಷಿ ಹೇಳ್ತು."

ನೆಲ ಬಾಯಿ ಬಿಡಬಾರದೇ ಎಂದು ಅವಳು ನಿಂತಿದ್ದಳು. ಕೆಂಪು ಕಿವಿಯ ತುದಿ ಮುಟ್ಟಿ, ಇನ್ನು ಹೋಗಲು ಜಾಗವಿಲ್ಲದೆ ಅಲ್ಲೇ ಉರಿಯುತ್ತಿತ್ತು. ಹಿಂದಿನ ಬೆಂಚಿನ ನಗು ಎಲ್ಲಿಂದಲೋ ಬಂದು ಈ ನಗುವಿನೊಳಗೆ ಸೇರಿಕೊಳ್ಳಲು ನೋಡಿತು. ಆದರೆ ಸೇರಲಿಲ್ಲ. ಆ ನಗುವಿನಲ್ಲಿ ಅವಳನ್ನು ಬಿಟ್ಟು ಎಲ್ಲರೂ ಇರುತ್ತಿದ್ದರು; ಇದರಲ್ಲಿ ಅವಳಿಗೂ ಒಂದು ಸ್ಟೂಲು ಹಾಕಿಟ್ಟಂತಿತ್ತು. ಹೆಂಡತಿ ಕೈ ಚಾಚಿ ಅವಳ ಮಣಿಕಟ್ಟು ಹಿಡಿದುಕೊಂಡಳು. "ಹೊರಗೆ ನಿಂತು ಕೇಳಿಸ್ಕೊಂಡೆ ಕಣೇ, ನೀನು ಹೇಳಿದ್ದು. ಅದಕ್ಕೇ ಫೋನಿಟ್ಟು ಬಂದೆ. ಈ ಪುಣ್ಯಾತ್ಮ ಇಪ್ಪತ್ತು ವರ್ಷದಲ್ಲಿ ಬಾಯಿ ಬಿಟ್ಟು ಹೇಳದೇ ಇರೋದನ್ನ ನೀನು ಹೇಳಿದೆ. ಗಳಿಗೆ ಹೊತ್ತು ಎಷ್ಟು ಖುಷಿ ಆಯ್ತು ಗೊತ್ತಾ? ಆ ಗಳಿಗೆ ನಂದು. ಈ ಪಾರ್ಸಲ್ಲಿನೋನು ಬಂದು ಅದನ್ನ ವಾಪಸ್ ಹೊತ್ಕೊಂಡು ಹೋಗೋಕಾಗಲ್ಲ." ಕೊರಿಯರಿನವನು, "ನಾನು ಬರೀ ಕೊಟ್ಟು ಹೋಗೋನು ಅಮ್ಮಾ," ಅಂದ. ಆಗ ಅವಳೂ ನಕ್ಕಳು. ಬಾಯಿಗೆ ಕೈ ಅಡ್ಡ ಬಂತು, ಆದರೆ ತಡವಾಗಿ ಬಂತು.

ನಗು ಮುಗಿದ ಮೇಲೆ ಕೆಲಸ ಉಳಿಯಿತು. ಮಾವ ಗಂಟಲು ಸರಿಮಾಡಿಕೊಂಡು, "ಮೇಲಿನ ಪದರ ಉಜ್ಜಿ ತೆಗೆದು ಪಾಪೆ ಮತ್ತೆ ಬರೀಬೇಕು," ಅಂದ. ಯಾರು ಬರೆಯಬೇಕು ಎಂದು ಹೇಳಲಿಲ್ಲ. ಡಬ್ಬವನ್ನು ಬಾಗಿಲ ಪಕ್ಕ ಇಳಿಸಿಕೊಂಡು, ಅದರ ಕಾಗದಕ್ಕೆ ಸಹಿ ಹಾಕಲು ಅಲ್ಲೇ ನಿಂತ. ಪೆನ್ನು ಅವನ ಕೈಯಲ್ಲಿ ಅದುರುವುದನ್ನು ಅವಳು ನೋಡಿದಳು. ಕೊರಿಯರಿನವನು ಕಾಗದ ಮಡಿಸಿಕೊಂಡು ಹೊರಟುಹೋದ. ಚುಕ್ಕಿಗಳ ಪಟ್ಟಿ ಮೇಜಿನ ಮೇಲಿತ್ತು. ಅದನ್ನು ಎತ್ತಿಕೊಳ್ಳುವ ಹಕ್ಕು ತನಗಿನ್ನೂ ಇದೆಯೇ ಎಂದು ಕೇಳಬೇಕಿತ್ತು. ಕೇಳಿದರೆ ಇಲ್ಲ ಎಂಬ ಉತ್ತರವೂ ಬರಬಹುದಿತ್ತು. ಎತ್ತಿಕೊಂಡಳು. ಬಾಗಿಲಿಗೆ ತೆಳ್ಳನೆಯ ಬಿಳಿ ಪರದೆ ಎಳೆದಳು. ಬಿಸಿಲು ಸೋಸಿ, ಎಲ್ಲ ಕಡೆಯಿಂದಲೂ ಒಂದೇ ಸಮನಾಗಿ, ಮೋಡದ ದಿನದ ಹಾಗೆ ಒಳಗೆ ಬಂತು. "ಅಕ್ಕ, ನೀವು ಇಲ್ಲೇ, ಇವರ ಪಕ್ಕಕ್ಕೆ ಬನ್ನಿ. ಬೆಳಕಿಗೆ ಅಡ್ಡ ಬೇಡ." ಅಕ್ಕ ಸ್ಟೂಲು ಎಳೆದುಕೊಂಡು ಬಂದಳು. ಇನ್ನೂ ಒಂದು ನೆರಳು ಉಳಿದಿತ್ತು. "ಮಾವ, ನೀವೂ ಸ್ವಲ್ಪ ಆ ಕಡೆ ಸರೀರಿ." ಮಾವ ತಲೆ ಎತ್ತಿ ನೋಡಿದ. ಆಮೇಲೆ ಡಬ್ಬವನ್ನೂ ಕಾಲಿನಿಂದ ತಳ್ಳಿಕೊಂಡು ಸರಿದ.

ಅವಳು ಕಣ್ಣಿನೊಳಗೆ ಇಳಿದಳು. ಪಾಪೆ ಈಗ ಎಳ್ಳೂ ಅಲ್ಲ ಮೆಣಸೂ ಅಲ್ಲ, ನಡುವಿನದು. ಪೂರ್ತಿ ನಿಂತಿತ್ತೆಂದೂ ಹೇಳಲಾಗದು. ಮಲಗಿದ ಮಗುವಿನ ಹೊಟ್ಟೆಯಂತೆ ಕಂಡೂ ಕಾಣದಂತೆ ಏರಿ ಇಳಿಯುತ್ತಿತ್ತು. ಪಟ್ಟಿಯ ಒಂದು ಚುಕ್ಕಿ ಸರಿಯಾಗಿ ಕೂತಿತು. ಗುರುತು ಹಾಕಿಕೊಳ್ಳುವಾಗ ಹೆಂಡತಿ ಗಂಡನ ಕಡೆ ಬಾಗಿ, ಯಾರಿಗೂ ಕೇಳಿಸದ ಹಾಗೆ, ಆದರೆ ಇಷ್ಟು ಹತ್ತಿರದಲ್ಲಿ ಕೇಳಿಸದೆ ಇರುವುದುಂಟೇ, "ಮಧ್ಯಾಹ್ನಕ್ಕೆ ಏನು ಮಾಡ್ಲಿ?" ಅಂದಳು. "ಏನೋ ಒಂದು. ನೀನು ಮಾಡಿದ್ದಾದ್ರೆ ಸರಿ," ಅಂದ ಅವನು. ಪಾಪೆ ಚುಕ್ಕಿಯ ಅಂಚನ್ನು ದಾಟಿತು. ಒಂದು ಎಳೆಯಷ್ಟು, ಸೀಳಿ ಸೀಳಿ ಉಳಿದ ಕೊನೆಯ ಎಳೆಯಷ್ಟು. ಅವಳು ತಟ್ಟನೆ ತಿರುಗಿ ಬಾಗಿಲು ನೋಡಿದಳು. ಯಾರೂ ಇರಲಿಲ್ಲ. ಪರದೆ ಅಲುಗಿರಲಿಲ್ಲ. ಬೆಳಕು ಇದ್ದ ಹಾಗೇ ಇತ್ತು. ಮತ್ತೆ ತಿರುಗುವಷ್ಟರಲ್ಲಿ ಪಾಪೆ ತನ್ನ ಅಳತೆಗೆ ಮರಳಿ, ಏನೂ ಗೊತ್ತಿಲ್ಲದ ಹಾಗೆ ಕೂತಿತ್ತು. ಊಟದ ನೆನಪೂ ಇರಬಹುದು. ಹಸಿದವನ ಕಣ್ಣು. ತಾನೇ ಕಲ್ಪಿಸಿಕೊಂಡದ್ದೂ ಇರಬಹುದು. ಒಂದು ಸಲ ಕೈ ಸುಟ್ಟುಕೊಂಡವಳು ಅವಳು. ಅಷ್ಟು ಸಣ್ಣದಕ್ಕೆ ಪಟ್ಟಿಯಲ್ಲಿ ಚುಕ್ಕಿ ಇರಲಿಲ್ಲ, ಡಬ್ಬಿಯಲ್ಲಿ ಕುಂಚವೂ ಇರಲಿಲ್ಲ. ಅವಳು ಯಾರಿಗೂ ಹೇಳಲಿಲ್ಲ. ಎಷ್ಟೋ ವಿಷಯಗಳನ್ನು ನಾಚಿಕೆಗೆ ಹೇಳದೆ ಉಳಿಸಿಕೊಂಡವಳಿಗೆ, ಇದೊಂದನ್ನು ಹಾಗಲ್ಲದೆ, ಇರಲಿ ಎಂದು ಇಟ್ಟುಕೊಳ್ಳುವುದು ಹಿತವಾಗಿತ್ತು.

ಸಲೂನಿನವನು ಕಣ್ಣು ತೆಗೆದುಕೊಟ್ಟು ಕಪ್ಪು ಕನ್ನಡಕ ಏರಿಸಿಕೊಂಡ. ಮಾವ ಮೇಲಿನ ಪದರವನ್ನು ಚಕ್ರಕ್ಕೆ ಹಿಡಿದು ಉಜ್ಜಿ, ಒರೆಸಿ, ಅವಳ ಅಂಗೈಯಲ್ಲಿಟ್ಟ. "ನಾನು ಚಹಾ ಹೇಳಿ ಬರ್ತೀನಿ," ಎಂದು ಹೊರಟವನು ಪರದೆಯ ಹತ್ತಿರ ನಿಂತು, "ನಾಳೆ ಟೀಚರಮ್ಮ ಬರ್ತಾರೆ. ಅವರ ಕಣ್ಣಲ್ಲಿ ಹಸಿರಿದೆ, ನನಗೆ ಎಷ್ಟಿದೆ ಅಂತ ಕಾಣೋದೇ ಇಲ್ಲ. ನೀನು ನೋಡ್ಕೋ," ಅಂದ. ಅವಳು ತಲೆ ಆಡಿಸಲು ಹೋಗಿ, "ಹ್ಞೂಂ, ನೋಡ್ತೀನಿ," ಅಂದಳು. ಬಣ್ಣದ ತಟ್ಟೆಯ ಮುಂದೆ ಕೂತು, ಒಣ ಎಲೆಯ ಕಂದಿಗೆ ಒಂದಿಷ್ಟು ಹಳೇ ಬಾಗಿಲು ಬೆರೆಸಿ, ಕಪ್ಪಿನ ಅಂಚಿಗೆ ಸುತ್ತ ಎಳೆಯುತ್ತ ಬಂದಳು. ಒಂದೊಂದು ಸುತ್ತಿಗೂ ಪಾಪೆ ಕಿರಿದಾಗುತ್ತಿತ್ತು, ಬೆಳಕಿಗೆ ಕಿರಿದಾಗುವ ಹಾಗೆ ಚಕ್ಕನೆ ಅಲ್ಲ. ನಿಧಾನವಾಗಿ, ಅವಳು ಹೇಳಿದಷ್ಟು, ಅವಳು ಹೇಳಿದಾಗ. ನಿಲ್ಲಬೇಕಾದಲ್ಲಿಗೆ ಬಂದಾಗ ಕುಂಚ ಎತ್ತಿದಳು.

"ಎದ್ದು ನೋಡ್ಬಹುದೇನಮ್ಮಾ?" ಸಲೂನಿನವನು ಕುರ್ಚಿಯಿಂದ ಅರ್ಧ ಎದ್ದಿದ್ದ. ಅವನ ಹೆಂಡತಿಯೂ ಕತ್ತು ಉದ್ದ ಮಾಡಿದ್ದಳು.

"ಇಲ್ಲ," ಅಂದಳು ಅವಳು, ತಲೆ ಎತ್ತದೆ. "ಇನ್ನೂ ಒಣಗಬೇಕು. ಕೂತಿರಿ."

ಇಬ್ಬರೂ ಕೂತರು.